ಎರಡು ದೃಶ್ಯದ ಪಾತ್ರ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಾಟಕದಲ್ಲಿ ಮುದುಕಿಯ ಪಾತ್ರ, ಅದೂ ಎರಡೇ ದೃಶ್ಯ ಅಂತ ಬೇಜಾರು ಮಾಡಿಕೊಂಡಿದ್ದೀಯ. ಮೆರವಣಿಗೆ, ಧರಣಿ ಅಂತ ತಿರುಗಿದರೆ ಮುಂದೆ ಯಾರೂ ಪಾತ್ರ ಕೊಡಲ್ಲ ಅಂತ ಬೇರೆ ಯಾರೋ ಹೆದರಿಸಿದ್ದಾರೆ. ಈ ಎರಡಕ್ಕೂ ಹಿಂದಿ ಸಿನಿಮಾದ ಪೋಷಕ ನಟ ಎ.ಕೆ. ಹಂಗಲ್ ಅವರ ಬದುಕು ನೋಡು. ಹೆಸರು ಕೇಳಿ ನಮ್ಮ ಹಾನಗಲ್ಲಿನವರು ಅಂದುಕೊಳ್ಳಬೇಡ. ಅವರದು ಕಾಶ್ಮೀರಿ ಪಂಡಿತರ ಮನೆತನ. ಹುಟ್ಟಿದ್ದು ಸಿಯಾಲ್‌ಕೋಟ್, ಬೆಳೆದದ್ದು ಪೇಶಾವರ, ಎರಡೂ ಈಗ ಪಾಕಿಸ್ತಾನದಲ್ಲಿವೆ.

ಹೊಟ್ಟೆಪಾಡಿಗೆ ಟೈಲರ್ ಕೆಲಸ. ಸ್ವಾತಂತ್ರ್ಯ ಚಳವಳಿಗಿಳಿದರು, ಕರಾಚಿಯಲ್ಲಿ ಕಮ್ಯುನಿಸ್ಟ್ ಪಕ್ಷಕ್ಕೆ ದುಡಿದರು. ದೇಶ ಹೋಳಾದ ಮೇಲೆ ಅಲ್ಲೇ ಜೈಲು ಸೇರಿ, 1949ರಲ್ಲಿ ಬೊಂಬಾಯಿಗೆ ಬಂದರು. ಇಲ್ಲೂ ಕೈಯಲ್ಲಿ ಅದೇ ಕತ್ತರಿ, ಅದೇ ಅಳತೆ ಟೇಪು. ಜೊತೆಗೆ ಎಡಪಂಥೀಯ ಕಲಾವಿದರ ರಂಗಸಂಘಟನೆ ಇಪ್ಟಾದಲ್ಲಿ ನಟ ಬಲರಾಜ್ ಸಾಹ್ನಿ, ಕವಿ ಕೈಫಿ ಆಜ್ಮಿ ಅವರ ಒಡನಾಟದಲ್ಲಿ ನಾಟಕ. 1966ರಲ್ಲಿ ‘ತೀಸ್ರಿ ಕಸಂ’ ಮೂಲಕ ಸಿನಿಮಾಕ್ಕೆ ಬಂದಾಗ ವಯಸ್ಸು ಐವತ್ತರ ಆಸುಪಾಸು. ಆಮೇಲೆ ಇನ್ನೂರಕ್ಕೂ ಹೆಚ್ಚು ಚಿತ್ರ, ಹೆಚ್ಚಾಗಿ ಅಪ್ಪ, ಕಾಕಾ, ಮೇಷ್ಟ್ರು. ‘ನಮಕ್ ಹರಾಂ’ನಲ್ಲಿ (1973) ಮಾತ್ರ ಕಾರ್ಮಿಕ ಮುಖಂಡ, ಆ ಬದುಕು ಅವರಿಗೆ ಯಾರೂ ಕಲಿಸಿಕೊಡಬೇಕಿರಲಿಲ್ಲ.

‘ಶೋಲೆ’ಯಲ್ಲಿ (1975) ಅವರು ಮಾಡಿದ ಕುರುಡು ಇಮಾಮರ ಪಾತ್ರವನ್ನು ನೀನು ನೋಡಲೇಬೇಕು. ಆ ಚಿತ್ರದ ಊರಿನ ಸೆಟ್ ಹಾಕಿದ್ದು ನಮ್ಮ ರಾಮನಗರದ ಬಂಡೆಗಳ ನಡುವೆಯೇ ಅಲ್ಲವೇ. ಮಗನ ಹೆಣ ಬಂದಿದೆ, ಊರೇ ಸುಮ್ಮನೆ ನಿಂತಿದೆ, ಕಣ್ಣಿಲ್ಲದ ಮುದುಕ ‘ಇತ್ನಾ ಸನ್ನಾಟಾ ಕ್ಯೋಂ ಹೈ ಭಾಯಿ’ (ಇಷ್ಟೊಂದು ಮೌನ ಯಾಕಪ್ಪಾ) ಅಂತ ಕೇಳುತ್ತಾನೆ. ಅಳುವಿಲ್ಲ, ಗಾಬರಿಯಿಲ್ಲ. ಅವನಿಗಿನ್ನೂ ಸುದ್ದಿ ಗೊತ್ತಿಲ್ಲ. ಅದು ಬರೀ ಪ್ರಶ್ನೆ. ದುಃಖವನ್ನು ಅಲ್ಲೇ ತುಂಬಿಬಿಟ್ಟಿದ್ದರೆ ದೃಶ್ಯ ಕೆಡುತ್ತಿತ್ತು. ಕುರುಡರ ಪಾತ್ರ ಮಾಡುವವರು ಎಡವುವುದೂ ಇಂಥ ಕಡೆಯೇ: ಎದುರಿನವರು ಮಾತಾಡಿದ ಕೂಡಲೇ ಕಣ್ಣು ಅವರ ಮುಖ ಹುಡುಕಿಬಿಡುತ್ತದೆ. ತಿರುಗಬೇಕಾದ್ದು ಕಿವಿ.

ನಿನ್ನ ಮುದುಕಿಗೂ ಇದೇ ಲೆಕ್ಕ. ಬೆನ್ನು ಬಗ್ಗಿಸಿ ದನಿ ನಡುಗಿಸಿದರೆ ಅಣಕದಂತೆ ಕಾಣುತ್ತದೆ. ಏಳುವ ಮೊದಲು ಕೈ ಆಸರೆ ಹುಡುಕಲಿ, ಪಾದ ಹಿಂದಕ್ಕೆ ಎಳೆದುಕೊ, ಆಮೇಲೆ ಏಳು, ಎದ್ದು ಒಂದು ಕ್ಷಣ ನಿಂತು ನಡೆ. ಅಷ್ಟು ಸಾಕು.

ಇನ್ನು ರಾಜಕೀಯ. ನಿನ್ನ ಹತ್ತಿರ ಸುಳ್ಳು ಹೇಳಲಾರೆ, ಅದಕ್ಕೆ ಬೆಲೆ ತೆರಬೇಕಾಗುತ್ತದೆ. 1993ರಲ್ಲಿ ಹಂಗಲ್ ಬೊಂಬಾಯಿಯಲ್ಲಿ ಪಾಕಿಸ್ತಾನ ದಿನದ ಸಮಾರಂಭಕ್ಕೆ ಹೋದದ್ದಕ್ಕೆ ಶಿವಸೇನೆ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ಕೆಲಸ ನಿಂತುಹೋಯಿತು. ಪೋಷಕ ನಟರಿಗೆ ಇಂಥ ಏಟು ಜೋರಾಗಿಯೇ ಬೀಳುತ್ತದೆ. ನಾಯಕನನ್ನು ತೆಗೆದರೆ ಸಿನಿಮಾನೇ ಇಲ್ಲ. ಕಾಕಾನ ಎರಡು ದೃಶ್ಯ ಎಡಿಟಿಂಗ್ ಟೇಬಲ್ಲಿನಲ್ಲಿ ಹೋಗಿಬಿಡುತ್ತವೆ, ಇಲ್ಲವೇ ಇನ್ನೊಬ್ಬರಿಂದ ಒಂದೇ ದಿನದಲ್ಲಿ ಮಾಡಿಸಬಹುದು. ಆದರೂ ಹಂಗಲ್ ತಮ್ಮ ನಂಬಿಕೆ ಬದಲಿಸಲಿಲ್ಲ, ಇಪ್ಟಾ ಬಿಡಲಿಲ್ಲ. ‘ಲಗಾನ್’ನಲ್ಲಿ (2001) ಮತ್ತೆ ಊರ ಹಿರಿಯರಾಗಿ ಬಂದರು, 2006ರಲ್ಲಿ ಪದ್ಮಭೂಷಣ ಬಂತು. 2012ರಲ್ಲಿ, ತೀರಿಕೊಂಡ ವರ್ಷವೇ, ಗಾಲಿಕುರ್ಚಿಯಲ್ಲಿ ಬಂದು ಟಿ.ವಿ. ಧಾರಾವಾಹಿಯೊಂದರಲ್ಲಿ ನಟಿಸಿದರು.

ರಿಹರ್ಸಲ್ಲಿಗೆ ಮುಂಚೆ ‘ಶೋಲೆ’ಯ ಆ ದೃಶ್ಯವನ್ನು ಒಮ್ಮೆ ಸದ್ದು ತೆಗೆದು ನೋಡು, ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳು. ಏನು ಗೊತ್ತಾಯಿತು ಅಂತ ನನಗೆ ಬರಿ.

ನಿನ್ನ
ಅಪ್ಪ