ನರದ ದಾರಿ ತಿಳಿದವರಿಗೆ ನಮಸ್ಕಾರ

ಈ ಸಲದ ಎಳ್ಳಮಾವಾಸ್ಯೆಯಂದು ವಿಜಯಪುರದ ಹೊರಗಿರುವ ನಮ್ಮ ಹೊಲದಲ್ಲಿ ಚರಗ ಚೆಲ್ಲಿ ಬಂದು, ಬನ್ನಿ ಗಿಡದ ಕೆಳಗೆ ಎಲ್ಲರೊಂದಿಗೆ ಕುಳಿತು, ಎಳ್ಳು ಹಚ್ಚಿದ ಕಟಿ ಸಜ್ಜೆ ರೊಟ್ಟಿಯನ್ನು ಬಲಗಡೆ ಉಳಿದಿರುವ ಹಲ್ಲುಗಳಿಂದಲೇ ಕಡಿದು ತಿಂದೆ. ಎದುರಿನಿಂದ ಚಳಿಗಾಳಿ ಬೀಸುತ್ತಿತ್ತು. ತಲೆಯ ಮೇಲೆ ಸೆರಗು ಮಾತ್ರ ಇತ್ತು. ಎರಡು ವರ್ಷಗಳ ಹಿಂದೆ ಇದೇ ಹಬ್ಬದಂದು ನಾನು ಕಾರಿನ ಗಾಜು ಏರಿಸಿಕೊಂಡು ಒಳಗೇ ಕುಳಿತಿದ್ದೆ. ಗಾಳಿ ತಾಗಬಾರದೆಂದು ಮುಖಕ್ಕೆ ಶಾಲು ಬೇಕಾಗಿತ್ತು, ಆದರೆ ಶಾಲಿನ ಎಳೆಯೂ ಕೆನ್ನೆಗೆ ತಾಗಬಾರದಾಗಿತ್ತು. ಆದ್ದರಿಂದ ಅದನ್ನು ಎರಡೂ ಕೈಗಳಿಂದ ಮುಖದ ಮುಂದೆ ಎತ್ತಿ ಹಿಡಿದುಕೊಂಡಿದ್ದೆ. ನಮ್ಮ ಅತ್ತೆಯವರು ಕಾರಿನ ಬಾಗಿಲಿಗೆ ಬಂದು ಹಾಲಿನಲ್ಲಿ ನೆನೆಸಿದ ರೊಟ್ಟಿಯ ಬಟ್ಟಲನ್ನು ಕೊಟ್ಟು, ಏನೂ ಮಾತನಾಡದೆ ತಿರುಗಿ ಹೋಗಿದ್ದರು.

ಆ ಮುಖದ ನೋವಿಗೆ ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷ ಕಳೆದಿದೆ. ಜೊತೆಗಿದ್ದವರಿಗೆಲ್ಲ ಬಾಯಿಮಾತಿನಲ್ಲಿ ಧನ್ಯವಾದ ಹೇಳಿದ್ದೇನೆ. ಆದರೆ ನನಗೆ ಬೇನೆ ಕೊಟ್ಟ ಟ್ರೈಜೆಮಿನಲ್ ಎಂಬ ನರ ಎಲ್ಲಿ ಹುಟ್ಟಿ, ಯಾವ ಯಾವ ಎಲುಬಿನ ರಂಧ್ರಗಳಿಂದ ಹಾಯ್ದು, ಮುಖದ ಎಲ್ಲಿಗೆ ಬಂದು ಮುಟ್ಟುತ್ತದೆ ಎಂಬುದನ್ನು ಹೇಳದಿದ್ದರೆ, ಅವರು ನನಗೆ ಮಾಡಿದ ಉಪಕಾರ ಏನೆಂಬುದು ಓದುವವರಿಗೆ ಪೂರ್ತಿ ತಿಳಿಯುವುದಿಲ್ಲ. ಅದಕ್ಕಾಗಿ ಈ ಬರಹ.

ನಾಲ್ಕು ವರ್ಷಗಳ ಹಿಂದೆ ಒಂದು ಮುಂಜಾನೆ ಹಲ್ಲು ಉಜ್ಜುವಾಗ ಬಲಗಡೆಯ ಕೆಳದವಡೆಯಲ್ಲಿ ಕರೆಂಟು ಹೊಡೆದಂತಾಯಿತು. ಐದಾರು ಸೆಕೆಂಡುಗಳಲ್ಲಿ ಅದು ಹೋಯಿತು. ವಾರದೊಳಗೆ ಮಾತನಾಡಿದರೆ, ನೀರು ಮುಕ್ಕಳಿಸಿದರೆ, ಕೆಲವೊಮ್ಮೆ ಮುಗುಳ್ನಕ್ಕರೂ ಬರತೊಡಗಿತು. ಒಂದು ಆಸ್ಪತ್ರೆಯಲ್ಲಿ ದವಡೆಯ ಹಲ್ಲಿನ ಬೇರಿಗೆ ಚಿಕಿತ್ಸೆ ಮಾಡಿದರು, ನೋವು ಹೋಗಲಿಲ್ಲವೆಂದು ಆ ಹಲ್ಲನ್ನು ಕಿತ್ತರು, ಕೆಲವು ತಿಂಗಳ ಮೇಲೆ ಪಕ್ಕದ ಹಲ್ಲನ್ನೂ ಕಿತ್ತರು. ಆಗ ನನಗೆ ಬಹಳ ಸಿಟ್ಟು ಬಂದಿತ್ತು. ಈಗ ಆ ಸಿಟ್ಟು ಇಲ್ಲ, ಏಕೆಂದರೆ ಈ ನೋವು ಹಲ್ಲಿನ ವೇಷದಲ್ಲಿಯೇ ಬರುತ್ತದೆ ಮತ್ತು ನಾನೇ ಬೆರಳಿಟ್ಟು ತೋರಿಸಿದ್ದೂ ಆ ಹಲ್ಲುಗಳನ್ನೇ.

ಮೂರನೆಯ ಹಲ್ಲನ್ನು ಉಳಿಸಿದವರು ನಮ್ಮ ಊರಿನ ಇನ್ನೊಬ್ಬ ದಂತವೈದ್ಯೆ. ನನ್ನ ಮೊದಲ ಕೃತಜ್ಞತೆ ಅವರಿಗೆ ಸಲ್ಲಬೇಕು. ಅವರು ಒಂದೊಂದೇ ಹಲ್ಲನ್ನು ಮೆಲ್ಲಗೆ ಬಡಿದು ನೋಡಿದರು, ಎಕ್ಸ್‌ರೇ ನೋಡಿದರು, ಕೊನೆಗೆ ಹತ್ತಿಯ ಒಂದು ಎಳೆಯನ್ನು ನನ್ನ ಗದ್ದದ ಬಲಬದಿಗೆ ತಾಗಿಸಿದರು. ನಾನು ಕುರ್ಚಿಯ ಕೈಗಳನ್ನು ಹಿಡಿದು ಉಸಿರು ಕಟ್ಟಿದೆ. ನೋವು ಇಳಿಯುವವರೆಗೆ ಕಾದು ಅವರು ಹೇಳಿದರು: “ಟೀಚರ್, ಇನ್ನೊಂದ್ ಹಲ್ಲ ಕೀಳಾಕ ನನ್ ಮನಸ್ಸ ಒಪ್ಪವಲ್ದ್ರೀ. ಇದು ಹಲ್ಲಿಂದಲ್ಲ, ಹಲ್ಲಿಗೆ ಹೋಗೂ ನರದ್ದು.” ಔಷಧ ಚೀಟಿಯ ಹಿಂಬದಿಯಲ್ಲಿ ಪೆನ್ನಿನಿಂದ ಒಂದು ಮುಖ ಬರೆದು, ಕಿವಿಯ ಮುಂದಿನಿಂದ ಮೂರು ಕವಲುಗಳನ್ನು ಎಳೆದು, ಕೆಳಗಿನ ಕವಲಿನ ಮೇಲೆ ಎರಡು ಸಲ ಗೆರೆ ತೀಡಿದರು. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ.

ಮಿದುಳಿನಿಂದ ನೇರವಾಗಿ ಹೊರಡುವ ನರಗಳು ಹನ್ನೆರಡು ಜೋಡಿ. ಅವುಗಳಲ್ಲಿ ಐದನೆಯದು, ಎಲ್ಲಕ್ಕಿಂತ ದಪ್ಪನೆಯದು, ಟ್ರೈಜೆಮಿನಲ್ ನರ. ಲ್ಯಾಟಿನ್ ಭಾಷೆಯ ಆ ಹೆಸರಿಗೆ ಒಂದೇ ಬಸಿರಿನಲ್ಲಿ ಹುಟ್ಟಿದ ಮೂವರು ಎಂಬ ಅರ್ಥವಿದೆ. ಮುಖದ ಬಹುಪಾಲು ಚರ್ಮದ ಸ್ಪರ್ಶ, ಬಿಸಿ, ತಂಪು, ನೋವುಗಳನ್ನೆಲ್ಲ ಮಿದುಳಿಗೆ ಒಯ್ಯುವುದು ಇದೇ; ಅಗಿಯುವ ಸ್ನಾಯುಗಳನ್ನು ನಡೆಸುವುದೂ ಇದೇ. ಮಾತಿನ ಮುಖಭಾವ, ನಗು, ಕಣ್ಣು ಮುಚ್ಚುವುದು ಇದರ ಕೆಲಸವಲ್ಲ, ಅವು ಏಳನೆಯ ನರದ ಕೆಲಸಗಳು. ಈ ಭೇದ ತಿಳಿಯದೆ ನಮ್ಮ ಓಣಿಯ ಹಿರಿಯರು ನನಗೆ ಲಕ್ವಾ ಹೊಡೆಯುತ್ತದೆಂದು ಹೆದರಿ ಹರಕೆ ಹೊತ್ತಿದ್ದರು. ಅವರ ಅಂಜಿಕೆಯ ಹಿಂದಿದ್ದ ಪ್ರೀತಿಗೂ ನಾನು ಋಣಿ.

ಈ ನರವನ್ನು ನನಗೆ ಸರಿಯಾಗಿ ಕಲಿಸಿದವಳು ನನ್ನ ತಂಗಿಯ ಮಗಳು. ಬೆಳಗಾವಿಯಲ್ಲಿ ಎಂಬಿಬಿಎಸ್ ಮೊದಲ ವರ್ಷ ಓದುತ್ತಿದ್ದ ಅವಳು ದೀಪಾವಳಿಯ ರಜೆಗೆ ಬರುವಾಗ ಅಭ್ಯಾಸದ ತಲೆಬುರುಡೆಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. “ದೊಡ್ಡವ್ವ, ಬಾ ಇಲ್ಲೆ, ನಿನ್ ನೋವಿನ ದಾರಿ ತೋರಸ್ತೀನಿ,” ಎಂದು ಪಡಸಾಲೆಯ ಚಾಪೆಯ ಮೇಲೆ ಕೂರಿಸಿದಳು. ಬುರುಡೆಯ ಮೇಲ್ಮುಚ್ಚಳ ತೆಗೆದು, ಒಳಗಿನ ತಳದಲ್ಲಿ ಕಿವಿಯ ಕಡೆಯಿಂದ ನಡುವಿಗೆ ಓರೆಯಾಗಿ ಚಾಚಿರುವ ಗಟ್ಟಿ ಎಲುಬಿನ ದಿಂಡನ್ನು ತೋರಿಸಿದಳು. ಅದರ ತುದಿಯ ಹತ್ತಿರ ಹೆಬ್ಬೆರಳಿನಿಂದ ಒತ್ತಿದಂತೆ ಒಂದು ಆಳವಿಲ್ಲದ ತಗ್ಗು ಇತ್ತು. ಪಾನ್ಸ್ ಎಂಬ ಮಿದುಳಿನ ಕಾಂಡದ ಉಬ್ಬಿನ ಪಕ್ಕದಿಂದ ಹೊರಬೀಳುವ ನರ, ಒಂದು ದಪ್ಪ ಬೇರು ಮತ್ತು ಒಂದು ಸಣ್ಣ ಬೇರಾಗಿ ಮುಂದೆ ಬಂದು, ಆ ತಗ್ಗಿನಲ್ಲಿ ಅರ್ಧಚಂದ್ರದಂಥ ಗಂಟಾಗಿ ಕೂರುತ್ತದೆಯಂತೆ. ದಪ್ಪದ್ದು ಸಂವೇದನೆಯ ಬೇರು, ಸಣ್ಣದ್ದು ಅಗಿಯುವ ಸ್ನಾಯುಗಳಿಗೆ ಆಜ್ಞೆ ಒಯ್ಯುವ ಬೇರು.

ಆ ಗಂಟಿಗೆ ಗ್ಯಾಸರನ ಗಂಟು ಎಂಬ ಹಳೆಯ ಹೆಸರಿದೆ. 1765ರಲ್ಲಿ ವಿಯೆನ್ನಾದ ಆಂಟನ್ ಹಿರ್ಷ್ ಎಂಬ ವಿದ್ಯಾರ್ಥಿ ತನ್ನ ಗುರು ಯೋಹಾನ್ ಗ್ಯಾಸರ್ ಅವರ ನೆನಪಿಗೆ ಈ ಹೆಸರನ್ನು ಇಟ್ಟನು. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ನನಗೆ ಇದನ್ನು ಕೇಳಿ ಕಣ್ಣು ತುಂಬಿ ಬಂತು. ಒಬ್ಬ ಶಿಷ್ಯನ ಕೃತಜ್ಞತೆ ಎರಡೂವರೆ ಶತಮಾನಗಳಿಂದ ಪ್ರತಿಯೊಬ್ಬ ವೈದ್ಯ ವಿದ್ಯಾರ್ಥಿಯ ಬಾಯಲ್ಲಿ ಉಳಿದುಬಂದಿದೆ.

ಅಲ್ಲಿಂದ ಮುಂದೆ ಮೂರು ದಾರಿಗಳು. ಅವಳು ನನ್ನ ಹೊಲಿಗೆ ಡಬ್ಬಿಯಿಂದ ಮೂರು ಬಣ್ಣದ ದಾರ ತೆಗೆದು, ಕಸಬರಿಗೆಯ ಕಡ್ಡಿಯಿಂದ ಒಂದೊಂದನ್ನೇ ಬುರುಡೆಯ ಒಳಗಿನಿಂದ ಹೊರಕ್ಕೆ ನೂಕಿದಳು. ಹಳದಿ ದಾರ ಕಣ್ಣಿನ ಗುಳಿಯ ಹಿಂದಿನ ಸೀಳಿನಿಂದ ಹಾಯ್ದು ಕಣ್ಣಿನೊಳಗೆ ಬಂತು. ಇದು ಮೊದಲನೆಯ ಕವಲು, ಹಣೆಯಿಂದ ನೆತ್ತಿಯವರೆಗೆ, ಮೇಲಿನ ರೆಪ್ಪೆ, ಕಣ್ಣಿನ ಪಾರದರ್ಶಕ ಪಟಲ, ಮೂಗಿನ ದಿಂಡಿನಿಂದ ತುದಿಯವರೆಗೆ ಇದರ ಸೀಮೆ. ಹಸಿರು ದಾರ ಒಂದು ಗುಂಡು ರಂಧ್ರದಿಂದ ಹೊರಟು, ಕಣ್ಣಿನ ಗುಳಿಯ ನೆಲದಡಿ ಸಾಗಿ, ಕೆನ್ನೆಯ ಮೇಲೆ ಕಣ್ಣಿನ ಕೆಳಗಿರುವ ಸಣ್ಣ ತೂತಿನಿಂದ ಹೊರಗೆ ಇಣುಕಿತು. ಕೆಳರೆಪ್ಪೆ, ಕೆನ್ನೆ, ಮೇಲ್ದುಟಿ, ಮೇಲಿನ ಸಾಲಿನ ಹಲ್ಲುಗಳು, ಅಂಗುಳ ಇದರ ಪಾಲಿಗೆ ಬರುತ್ತವೆ.

ಕೆಂಪು ದಾರದ ಹತ್ತಿರ ಅವಳು ಬಹಳ ಹೊತ್ತು ನಿಂತಳು, ಏಕೆಂದರೆ ಅದು ನನ್ನದು. ಅದು ಮೊಟ್ಟೆಯಾಕಾರದ ರಂಧ್ರದಿಂದ ನೇರ ಕೆಳಕ್ಕೆ ಇಳಿಯಿತು. ಸಣ್ಣ ಬೇರು ಕೂಡಿಕೊಳ್ಳುವುದು ಈ ಮೂರನೆಯ ಕವಲಿಗೆ ಮಾತ್ರ. ಆದ್ದರಿಂದ ಮೂವರಲ್ಲಿ ಅರಿವು ಮತ್ತು ಚಲನೆ ಎರಡನ್ನೂ ಹೊತ್ತವಳು ಈಕೆಯೊಬ್ಬಳೇ. ಇಲ್ಲಿಂದ ಒಂದು ಎಳೆ ಕೆನ್ನೆಯ ಒಳಬದಿಗೆ, ಒಂದು ಕಿವಿಯ ಮುಂದಿನಿಂದ ಕಣತಲೆಗೆ, ಒಂದು ನಾಲಿಗೆಗೆ ಹೋಗುತ್ತದೆ. ನಾಲಿಗೆಯ ಮುಂದಿನ ಮೂರರಲ್ಲಿ ಎರಡು ಭಾಗದ ಸ್ಪರ್ಶ ಮತ್ತು ನೋವು ಈ ಎಳೆಯದು. ಅಲ್ಲಿನ ರುಚಿಯಾದರೋ ಏಳನೆಯ ನರದಿಂದ ಬರುವ ಒಂದು ಕೂದಲಿನಂಥ ತಂತು ಇದಕ್ಕೆ ಕೂಡಿಕೊಂಡು ಒಯ್ಯುವುದು. ಇನ್ನೊಂದು ಎಳೆ ಕೆಳದವಡೆಯ ಎಲುಬಿನ ಒಳಮೈಯಲ್ಲಿರುವ ಬಾಗಿಲಿನಿಂದ ಒಳಹೊಕ್ಕು, ಎಲುಬಿನ ಗರ್ಭದಲ್ಲಿ ಸುರಂಗದಂತೆ ಸಾಗುತ್ತ, ಮೇಲಿರುವ ಪ್ರತಿಯೊಂದು ಹಲ್ಲಿನ ಬೇರಿಗೂ ತಂತು ಕೊಡುತ್ತ, ಗದ್ದದ ಪಕ್ಕದ ತೂತಿನಿಂದ ಹೊರಬಂದು ಕೆಳದುಟಿ ಮತ್ತು ಗದ್ದದ ಚರ್ಮದಲ್ಲಿ ಹರಡುತ್ತದೆ. ಹತ್ತಿಯ ಎಳೆ ಗದ್ದಕ್ಕೆ ತಾಗಿದಾಗ ದವಡೆ ಹಲ್ಲು ಸಿಡಿದಂತಾದದ್ದು ಏಕೆಂದು ನನಗೆ ಆ ದಿನ ತಿಳಿಯಿತು. ಹಲ್ಲು ಕಿತ್ತರೆ ಎಳೆಯ ತುದಿ ಹೋದೀತು, ಬೇನೆ ಇದ್ದದ್ದು ಬುಡದಲ್ಲಿ.

ಇನ್ನೊಂದು ಸಂಗತಿಯನ್ನೂ ಅವಳೇ ಹೇಳಿಕೊಟ್ಟಳು. ನೋವು ಬಂದಾಗಲೆಲ್ಲ ನಾನು ತಿಳಿಯದೆಯೇ ಕಿವಿಯ ಕೆಳಗೆ, ದವಡೆಯ ಮೂಲೆಯ ಮೇಲೆ ಅಂಗೈ ಇಟ್ಟುಕೊಳ್ಳುತ್ತಿದ್ದೆ. ಮುಖದ ಬಲಭಾಗದಲ್ಲಿ ಮುಟ್ಟಲು ಧೈರ್ಯವಿದ್ದದ್ದು ಅಲ್ಲೊಂದೇ ಕಡೆ. ಆ ಮೂಲೆಯ ಚರ್ಮ ಟ್ರೈಜೆಮಿನಲ್ ನರದ್ದಲ್ಲ, ಕುತ್ತಿಗೆಯ ಎರಡು ಮತ್ತು ಮೂರನೆಯ ನರಗಳದ್ದು ಎಂದು ಅವಳು ಪುಸ್ತಕ ತೆರೆದು ತೋರಿಸಿದಳು. ಮೂರು ವರ್ಷ ನನ್ನ ಕೈಗೆ ತಿಳಿದಿದ್ದ ಗಡಿ ಆ ಚಿತ್ರದಲ್ಲಿ ಹಾಗೆಯೇ ಇತ್ತು.

ನರರೋಗ ತಜ್ಞರಿಗೆ ನಾನು ಎರಡು ವರ್ಷಗಳ ನೆಮ್ಮದಿಗಾಗಿ ಋಣಿಯಾಗಿದ್ದೇನೆ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಗುಳಿಗೆಯನ್ನು ಅವರು ಸಣ್ಣ ಪ್ರಮಾಣದಿಂದ ಆರಂಭಿಸಿದರು. ಮೊದಲ ವಾರದಲ್ಲಿಯೇ ನಾನು ಮುಖ ತೊಳೆದುಕೊಂಡೆ. ನೋವು ಮೇಲ್ದುಟಿಗೂ ಏರಿದ ಮೇಲೆ, ಅಂದರೆ ಎರಡನೆಯ ಕವಲನ್ನೂ ಹಿಡಿದ ಮೇಲೆ, ಗುಳಿಗೆ ಹೆಚ್ಚಿಸಬೇಕಾಯಿತು. ನಡೆಯುವಾಗ ಜೋಲಿ ಹೋಗತೊಡಗಿತು, ರಕ್ತದಲ್ಲಿ ಸೋಡಿಯಂ ಇಳಿಯಿತು. ಅವರು ತಡಮಾಡದೆ ಎಂಆರ್‌ಐ ಮಾಡಿಸಿ, ಮುಂದಿನ ದಾರಿಯನ್ನು ನಮ್ಮ ಮನೆಯವರಿಗೆ ಕೂರಿಸಿ ತಿಳಿಸಿ ಹೇಳಿದರು.

ಆ ದಿನಗಳಲ್ಲಿ ನನ್ನ ಒಂಬತ್ತನೆಯ ತರಗತಿಯ ಮಕ್ಕಳು ಮಾಡಿದ್ದನ್ನು ನಾನು ಮರೆಯಲಾರೆ. ಮಾತನಾಡಿದರೆ ನೋವು ಬರುತ್ತದೆಂದು ಅವರಿಗೆ ಗೊತ್ತಾಗಿತ್ತು. ನಾನು ಹಲಗೆಯ ಮೇಲೆ ಬರೆಯುತ್ತಿದ್ದೆ, ಒಬ್ಬರಾದ ಮೇಲೆ ಒಬ್ಬರು ಎದ್ದುನಿಂತು ಅದನ್ನು ಗಟ್ಟಿಯಾಗಿ ಓದುತ್ತಿದ್ದರು, ತಪ್ಪಿದರೆ ನಾನು ಸುಣ್ಣದ ಕಡ್ಡಿಯಿಂದ ಆ ಅಕ್ಷರದ ಕೆಳಗೆ ಗೆರೆ ಎಳೆಯುತ್ತಿದ್ದೆ. ಒಂದು ತಿಂಗಳು ಹೀಗೆ ಹಳಗನ್ನಡದ ಪಾಠ ನಡೆಯಿತು. ಮಕ್ಕಳೇ, ನೀವು ಆ ತಿಂಗಳು ತರಗತಿಯಲ್ಲಿ ಒಂದು ಸಲವೂ ಗದ್ದಲ ಮಾಡಲಿಲ್ಲ. ಪಕ್ಕದ ಮನೆಯ ವೈನಿಯವರು ನಿತ್ಯ ಸಂಜೆ ಜೋಳದ ಅಂಬಲಿಯನ್ನು ಉಗುರುಬೆಚ್ಚಗೆ ಆರಿಸಿ ತಂದುಕೊಟ್ಟರು. ಬಿಸಿಯೂ ಆಗದು, ತಂಪೂ ಆಗದು ಎಂಬುದನ್ನು ಅವರು ಕೇಳದೆಯೇ ಅರಿತಿದ್ದರು.

ಶಸ್ತ್ರಚಿಕಿತ್ಸೆ ಬೆಳಗಾವಿಯಲ್ಲಿ ಆಯಿತು. ಮಿದುಳಿನ ಕಾಂಡದಿಂದ ನರ ಹೊರಡುವ ಜಾಗದಲ್ಲಿಯೇ ಕಿರುಮಿದುಳಿಗೆ ರಕ್ತ ಒಯ್ಯುವ ಒಂದು ಧಮನಿ ಕೊಂಡಿಯಂತೆ ಬಾಗಿ ನರದ ಬೇರಿಗೆ ಒತ್ತಿಕೊಂಡಿತ್ತು. ನಾಡಿ ಬಡಿದಷ್ಟು ಸಲವೂ ಅದು ನರವನ್ನು ಬಡಿದು ಬಡಿದು ಅದರ ಮೇಲಿನ ಹೊದಿಕೆ ಸವೆದಿತ್ತು. ತಂತಿಯ ರಬ್ಬರು ಸವೆದಲ್ಲಿ ಕಿಡಿ ಹಾರುವಂತೆ, ಸ್ಪರ್ಶದ ಸುದ್ದಿ ಅಲ್ಲಿ ನೋವಿನ ಎಳೆಗೆ ಹಾರುತ್ತದೆ ಎಂದು ಶಸ್ತ್ರವೈದ್ಯರು ನಮಗೆ ವಿವರಿಸಿದರು. ಕಿವಿಯ ಹಿಂದೆ ಎಲುಬಿನಲ್ಲಿ ಸಣ್ಣ ಕಿಂಡಿ ತೆರೆದು, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಆ ಧಮನಿಯನ್ನು ಸರಿಸಿ, ನಡುವೆ ಟೆಫ್ಲಾನ್ ನಾರಿನ ಒಂದು ಚೂರನ್ನು ಇಟ್ಟರು. ನರವನ್ನು ಕತ್ತರಿಸಲಿಲ್ಲ. ಅಮೆರಿಕದ ಪೀಟರ್ ಜಾನೆಟ್ಟಾ ಅವರು 1967ರಲ್ಲಿ ಪ್ರಕಟಿಸಿದ ದಾರಿ ಇದು. ಕೇಳುವ ನರ ಪಕ್ಕದಲ್ಲಿಯೇ ಇರುವುದರಿಂದ ಬಲಗಿವಿಗೆ ಅಪಾಯವಾಗಬಹುದೆಂಬುದನ್ನು ಅವರು ಮುಚ್ಚಿಡಲಿಲ್ಲ. ಆ ಪ್ರಾಮಾಣಿಕತೆಯಿಂದಲೇ ನನಗೆ ಸಹಿ ಹಾಕಲು ಧೈರ್ಯ ಬಂತು. ಕಿವಿ ಉಳಿದಿದೆ.

ಮರುದಿನ ಬೆಳಗ್ಗೆ ಒಬ್ಬ ಕಿರಿಯ ವೈದ್ಯರು ಹತ್ತಿಯ ಎಳೆಯನ್ನು ಹಣೆಗೆ, ಕೆನ್ನೆಗೆ, ಗದ್ದಕ್ಕೆ ಮುಟ್ಟಿಸಿ ಕೇಳಿದರು. ಮೂರೂ ಕಡೆ ಸ್ಪರ್ಶ ತಿಳಿಯಿತು. ಆ ಎಳೆಯನ್ನು ಕಣ್ಣಿನ ಪಟಲದ ಅಂಚಿಗೆ ತಂದಾಗ ಕಣ್ಣು ತಾನಾಗಿ ಮುಚ್ಚಿತು. ಅರಿತದ್ದು ಐದನೆಯ ನರ, ಮುಚ್ಚಿಸಿದ್ದು ಏಳನೆಯದು ಎಂದು ನನಗೆ ಆಗ ಗೊತ್ತಿತ್ತು. ಗದ್ದಕ್ಕೆ ಹತ್ತಿ ತಾಗಿದಾಗ ಅದು ಬರೀ ಹತ್ತಿಯಾಗಿತ್ತು. ನಾನು ಅತ್ತೆ. ಅವರು ನೋವಾಯಿತೇ ಎಂದು ಗಾಬರಿಯಾದರು.

ಇನ್ನೊಬ್ಬರಿಗೆ ನಾನು ಋಣಿಯಾಗಿದ್ದೇನೆ, ಅವರ ಹೆಸರು ನನಗೆ ತಿಳಿಯದು. ದೇಹದಾನದ ಮಾತು ನಮ್ಮ ಭಾಗಕ್ಕೆ ಹೊಸದಲ್ಲ. 2010ರಲ್ಲಿ ಬೆಳಗಾವಿಯಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು, ತಂದೆಯ ಇಚ್ಛೆಯಂತೆ ದಾನವಾಗಿ ಬಂದಿದ್ದ ತಂದೆಯ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದ್ದನ್ನು ನಾವೆಲ್ಲ ಓದಿದ್ದೆವು. ನನ್ನ ತಂಗಿಯ ಮಗಳು ಕಲಿತದ್ದೂ ಹೀಗೆ ದಾನವಾಗಿ ಬಂದ ಒಬ್ಬ ಹಿರಿಯರ ದೇಹದಿಂದ. ಮೇಜಿನ ಮುಂದೆ ಮೊದಲು ಕೈಮುಗಿದು, ಆಮೇಲೆ ದವಡೆಯ ಎಲುಬಿನ ಒಂದು ಭಾಗ ಸರಿಸಿ, ಅಗಿಯುವ ಎರಡು ಸ್ನಾಯುಗಳ ನಡುವಿನಿಂದ ಇಳಿಯುವ ನರಗಳನ್ನು ಇಕ್ಕಳದ ತುದಿಯಿಂದ ಕೊಬ್ಬು ಬಿಡಿಸುತ್ತ ಹುಡುಕಲು ಅವಳ ತಂಡಕ್ಕೆ ಎರಡು ದಿನ ಬೇಕಾಯಿತಂತೆ. ನನಗೆ ದಾರಗಳಿಂದ ತೋರಿಸಿದ್ದನ್ನೆಲ್ಲ ಅವಳು ಮೊದಲು ಕಂಡದ್ದು ಅಲ್ಲಿ.

ಆ ಹಿರಿಯರ ಮನೆಯವರು ಇದನ್ನು ಓದುವುದಾದರೆ, ಅವರಿಗೆ ಇಷ್ಟು ತಿಳಿಸಬೇಕೆಂದಿದ್ದೇನೆ. ನಿಮ್ಮ ತಂದೆಯವರ ಬಲಗಡೆಯಲ್ಲಿ ನಾಲಿಗೆಯ ನರಕ್ಕೆ ಹಿಂದಿನಿಂದ ಬಂದು ಕೂಡುವ ರುಚಿಯ ತಂತು, ಬಹಳ ಸಲ ಹುಡುಕುವಾಗಲೇ ಹರಿದುಹೋಗುವ ಆ ಕೂದಲೆಳೆ, ತುಂಡಾಗದೆ ಸಿಕ್ಕಿತಂತೆ. ಇಡೀ ತರಗತಿಯ ಮಕ್ಕಳು ಸಾಲಾಗಿ ಬಂದು ಅದನ್ನು ನೋಡಿ ಹೋದರಂತೆ.