ಕಲಿಕಾ ನ್ಯೂನತೆ: ಕಾನೂನಿದೆ, ಅರಿವು ಬೇಕಿದೆ

ಮಾನ್ಯರೆ,

ಡಿಸ್ಲೆಕ್ಸಿಯಾ (ಓದು, ಬರಹ ಕಷ್ಟವಾಗುವ ಕಲಿಕಾ ನ್ಯೂನತೆ) ಇರುವ ಮಗುವನ್ನು ‘ದಡ್ಡ’, ‘ಸೋಮಾರಿ’ ಎಂದು ಜರೆಯುವುದು ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಇನ್ನೂ ನಿಂತಿಲ್ಲ. ಮನೆಯಲ್ಲಿ ಕನ್ನಡವೋ ತುಳುವೋ, ಬೀದಿಯಲ್ಲಿ ಮರಾಠಿ, ತರಗತಿಯಲ್ಲಿ ಇಂಗ್ಲಿಷ್. ಮಗು ಓದಲು ತಡವರಿಸಿದರೆ ‘ಭಾಷೆ ಜಾಸ್ತಿಯಾಯಿತು, ತಾನಾಗಿ ಸರಿಹೋಗುತ್ತದೆ’ ಎಂದು ಹೆತ್ತವರೂ ಶಿಕ್ಷಕರೂ ಸುಮ್ಮನಾಗುತ್ತಾರೆ. ನೆರವು ಬೇಕಾದ ವರ್ಷಗಳು ಹಾಗೆಯೇ ಕಳೆದುಹೋಗುತ್ತವೆ. ಇದು ನನ್ನನ್ನು ತುಂಬಾ ನೋಯಿಸುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಡಿಸ್ಲೆಕ್ಸಿಯಾ ಒಳಗೊಂಡ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯನ್ನು 21 ಬಗೆಯ ಅಂಗವೈಕಲ್ಯಗಳಲ್ಲಿ ಸೇರಿಸಿದೆ. ಅದನ್ನು ಮಕ್ಕಳಲ್ಲಿ ಆದಷ್ಟು ಬೇಗ ಗುರುತಿಸಬೇಕು, ಶಾಲಾ ಮಕ್ಕಳ ಸಮೀಕ್ಷೆ ಐದು ವರ್ಷಕ್ಕೊಮ್ಮೆ ನಡೆಯಬೇಕು ಎಂದೂ ಹೇಳುತ್ತದೆ. ಈ ನ್ಯೂನತೆಯ ಪ್ರಮಾಣಪತ್ರವಿದ್ದರೆ ಎಸ್‌ಎಸ್‌ಸಿ (ಹತ್ತನೇ ತರಗತಿ) ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಗುತ್ತದೆ. ಎಷ್ಟು ಪೋಷಕರಿಗೆ ಇದು ಗೊತ್ತು? ಹರಿಯಾಣದ ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ರೂಪಿಸಿದ, ಡಿಸ್ಲೆಕ್ಸಿಯಾ ಗುರುತಿಸುವ ‘ಡಾಲಿ’ ಎಂಬ ಪರೀಕ್ಷಾ ಸಾಧನ ಮರಾಠಿ, ಕನ್ನಡ ಎರಡರಲ್ಲೂ ಇದೆ. ಅದು ಇಲ್ಲಿನ ಪ್ರತಿ ಕನ್ನಡ ಶಾಲೆಗೂ ತಲುಪಲೇಬೇಕು.

ಅಕ್ಟೋಬರ್ ಡಿಸ್ಲೆಕ್ಸಿಯಾ ಅರಿವಿನ ತಿಂಗಳು. ಎಲ್ಲ ಶಾಲೆಗಳೂ ಅದನ್ನು ಆಚರಿಸುವಂತೆ ಮಹಾರಾಷ್ಟ್ರ ಸರ್ಕಾರ ಅಧಿಕೃತ ಆದೇಶ ಹೊರಡಿಸಲಿ. ಸರ್ಕಾರದ ಮುದ್ರೆ ಬಿದ್ದ ಕಾಗದಕ್ಕೆ ಮುಖ್ಯೋಪಾಧ್ಯಾಯರು ಬೇಗ ಕಿವಿಗೊಡುತ್ತಾರೆ. ನಗರದ ಕನ್ನಡ ಸಂಘಗಳೂ ಆ ತಿಂಗಳ ಒಂದು ಭಾನುವಾರವನ್ನು ಪೋಷಕರಿಗಾಗಿ ಮೀಸಲಿಡಲಿ.

– ಓದುಗರೊಬ್ಬರು, ಡೊಂಬಿವಲಿ