ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ತಂತಿ ಬಿಗಿ ಮಾಡಿಸಿದ ಮರುದಿನ ಚಪಾತಿ ಕಚ್ಚೋಕೂ ಆಗ್ತಿಲ್ಲ ಅಂತ ತುಂಬಾ ಜನ ಬರೆದಿದ್ದೀರಿ. ಗಾಬರಿ ಬೇಡ. ಸುಮಾರು 24 ಗಂಟೆ ಹೊತ್ತಿಗೆ ನೋವು ಜಾಸ್ತಿ ಇರುತ್ತದೆ, ವಾರದೊಳಗೆ ಇಳಿಯುತ್ತದೆ.

ಒತ್ತಡ ಬಿದ್ದಾಗ ಹಲ್ಲಿನ ಬೇರಿನ ಸುತ್ತ ಸಣ್ಣ ಉರಿಯೂತ ಆಗುತ್ತದೆ. ಇಂಟರ್‌ಲ್ಯೂಕಿನ್-1 ಬೀಟಾ, ಪ್ರೊಸ್ಟಾಗ್ಲಾಂಡಿನ್ ಎಂಬ ಉರಿಯೂತದ ರಾಸಾಯನಿಕಗಳು ಏರುತ್ತವೆ. ಒಸಡಿನ ಅಂಚಲ್ಲಿ ಒಸರುವ ದ್ರವದಲ್ಲೇ ಇವನ್ನು ಅಳೆಯಬಹುದು! ಇವು ಕರೆದಾಗಲೇ ಆಸ್ಟಿಯೋಕ್ಲಾಸ್ಟ್ ಜೀವಕೋಶಗಳು ಬಂದು, ಹಲ್ಲು ಸರಿಯುವ ಕಡೆ ಅದರ ಮುಂದಿರುವ ಮೂಳೆ ಕರಗಿಸುವುದು. ಹಿಂದೆ, ಎಳೆತ ಬಿದ್ದ ಕಡೆ, ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು 1 ಮಿ.ಮೀ. ಸರಿಯುತ್ತದೆ.

ಅದಕ್ಕೇ ಐಬುಪ್ರೊಫೆನ್ ಸುಮ್ನೆ ದಿನಗಟ್ಟಲೆ ನುಂಗಬೇಡಿ. ಅದು ಪ್ರೊಸ್ಟಾಗ್ಲಾಂಡಿನ್ ತಡೆಯುವ ನೋವಿನ ಮಾತ್ರೆ, ಹಾಗಾಗಿ ಹಲ್ಲು ಸರಿಯುವುದೂ ನಿಧಾನ ಆಗಬಹುದು. ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಸಾಕು, ನಿಮ್ಮ ಡಾಕ್ಟರನ್ನು ಕೇಳಿ ತಗೊಳ್ಳಿ. ಒಸಡು ಊದಿ ರಕ್ತ ಬಂದರೆ ಮಾತ್ರ ಬೇಗ ತೋರಿಸಿ.